ತೊಳೆಯದ ದಿಂಬಿನ ಗವಸು

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ, ಇಲ್ಲ ಇನ್ನೂ ಆ ತಿರುಗುವ ಕುರ್ಚಿಯಲ್ಲೇ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡು. ಆಫೀಸಿನ ಕ್ಯಾಂಟೀನು ಚೆನ್ನಾಗಿದೆ ಅಂತ ನೀನು ಹೇಳಿದಾಗಲೆಲ್ಲ ಆ ದಿನ ನೀನು ಊಟ ಬಿಟ್ಟಿದ್ದೀಯ ಅಂತಲೇ ನಾನು ತಿಳಿದುಕೊಳ್ಳುವುದು. ನನಗೇನೂ ಆಗಿಲ್ಲ, ಮಂಡಿ ಒಂದು ಬಿಟ್ಟರೆ ಗಟ್ಟಿಯಾಗಿದ್ದೇನೆ. ನಿಮ್ಮ ಭಾವನದೇ ಚಿಂತೆ. ಕೆಮ್ಮು ಹೋದ ಸಲಕ್ಕಿಂತ ಜಾಸ್ತಿಯಾಗಿದೆ. ಮಾತಾಡುತ್ತಾ ಮಾತಾಡುತ್ತಾ ಮಧ್ಯೆ ನಿಲ್ಲಿಸಿ ಗೋಡೆ ಹಿಡಿದುಕೊಳ್ಳುತ್ತಾರೆ, ಆಮೇಲೆ ಏನೂ ಆಗದವರ ಹಾಗೆ ಅದೇ ಮಾತು ಮುಂದುವರಿಸುತ್ತಾರೆ. ಹೊಗೆಯಿಂದ ಅಂತ ಡಾಕ್ಟರು ಹೇಳಿದರೆ ಒಪ್ಪುವುದಿಲ್ಲ. ಇಡೀ ಆಯುಷ್ಯ ಬಸ್ಸು ಓಡಿಸಿದವರಲ್ಲವೇ, ಡೀಸೆಲ್ಲಿನ ಮೇಲೆ ಒಂದು ಮಾತು ಬಂದರೆ ತಮ್ಮ ತಾಯಿಯನ್ನು ಬೈದ ಹಾಗೆ ಆಡುತ್ತಾರೆ.

ಫೋನಿರುವಾಗ ಅಕ್ಕ ಯಾಕೆ ಕಾಗದ ಬರೆದಳು ಅಂತ ಹುಬ್ಬು ಗಂಟು ಹಾಕಬೇಡ. ಫೋನ್ ಮಾಡಿದರೆ ‘ಮೀಟಿಂಗಲ್ಲಿದೀನಿ ಅಕ್ಕಾ’ ಅಂತ ಇಟ್ಟುಬಿಡುತ್ತೀಯ. ಎಷ್ಟು ಮೀಟಿಂಗಪ್ಪಾ ನಿಮ್ಮದು! ಕಾಗದವನ್ನು ಹಾಗೆ ಅರ್ಧಕ್ಕೆ ಇಟ್ಟುಬಿಡಲು ನಿನ್ನ ಕೈಯಲ್ಲಿ ಆಗುವುದಿಲ್ಲ, ನನಗೆ ಗೊತ್ತು. ಚಿಕ್ಕವನಿದ್ದಾಗ ಕಡಲೆಕಾಯಿ ಕಟ್ಟಿದ ಪೇಪರನ್ನೂ ಬಿಡಿಸಿ ಕೊನೆಯವರೆಗೆ ಓದುತ್ತಿದ್ದವನು ನೀನು. ಆದ್ದರಿಂದ ಇದನ್ನೂ ಓದು.

ನಮ್ಮ ಬೀದಿಗೂ ನಿನಗೂ ಮಾತು ಕೆಟ್ಟದ್ದು ಎಲ್ಲಿಂದ ಅಂತ ನಿನಗೆ ನೆನಪಿದೆ. ಬೀದಿಯ ತುದಿಯ ಲಾರಿ ಯಾರ್ಡಿನ ಹೊಗೆ ಅಳೆಯಬೇಕು ಅಂತ ನಾವೆಲ್ಲ ಅರ್ಜಿ ಕೊಟ್ಟೆವು. ನಿಮ್ಮ ಮಾಲಿನ್ಯ ನಿಯಂತ್ರಣದ ಆಫೀಸಿನವರು ಯಂತ್ರ ಇಡಲು ಎತ್ತರದ ಜಾಗ ಹುಡುಕುತ್ತಾ ಬಂದರು. ನಮ್ಮ ಲಾಂಡ್ರಿಯ ಮಹಡಿಯೇ ಸರಿ ಅಂದಾಗ ನನಗೆ ಎಷ್ಟು ಹೆಮ್ಮೆ! ನನ್ನ ತಮ್ಮನೇ ತಂದು ನಿಲ್ಲಿಸಿದ ಯಂತ್ರ, ಅದರ ಅಂಕಿ ತೋರಿಸಲು ಬೀದಿಯ ಮೂಲೆಯಲ್ಲಿ ಬಣ್ಣದ ದೀಪದ ಬೋರ್ಡು. ಮೊದಲ ವಾರ ಬೋರ್ಡಿನಲ್ಲಿ ಕೆಂಪು ಮುಖ ಅಳುತ್ತಿತ್ತು. ನಾವು ಅದನ್ನು ನೋಡಿ ಖುಷಿಪಟ್ಟೆವು, ಕೊನೆಗೂ ಯಾರೋ ನಮ್ಮ ಪರವಾಗಿ ಅಳುತ್ತಿದ್ದಾರೆ ಅಂತ. ಆಮೇಲೆ ಒಂದು ಬೆಳಿಗ್ಗೆ ಅದು ಹಸಿರಾಗಿ ನಗತೊಡಗಿತು, ನಗುತ್ತಲೇ ಉಳಿಯಿತು. ಕೆಳಗೆ ಲಾರಿಗಳು ಕರಿ ಹೊಗೆ ಉಗುಳುತ್ತಿದ್ದರೆ ಮೇಲೆ ‘ಗಾಳಿ ಉತ್ತಮವಾಗಿದೆ’ ಎಂಬ ಬರಹ. ನಾನು ಬಿಳಿ ಬೆಡ್‌ಶೀಟುಗಳನ್ನು ಹೊರಗೆ ಒಣಗಿಸುವುದನ್ನೇ ಬಿಟ್ಟಿದ್ದೇನೆ. ಹಾಕುವಾಗ ಬಿಳಿ, ತೆಗೆಯುವಾಗ ಬೂದಿ. ಒಳಗೆ ಫ್ಯಾನಿನ ಕೆಳಗೆ ಒಣಗಿಸಿ, ಕರೆಂಟ್ ಬಿಲ್ಲು ನೋಡಿ ಉಸ್ಸಪ್ಪಾ ಅನ್ನುವುದು ನನ್ನ ಪಾಡಾಗಿದೆ.

ಬೀದಿಯವರು ನಿಮ್ಮನ್ನು ನಂಬುವುದಿಲ್ಲ ಅಂದರೆ ಅವರ ಮೇಲೆ ನಾನು ಸಿಟ್ಟಾಗಲಾರೆ ಪುಟ್ಟಾ. ನಮ್ಮ ಪಕ್ಕದ ಟೇಲರಮ್ಮನ ಸ್ಕೂಟರು ಗೊತ್ತಲ್ಲ, ಎಂಜಿನ್ ಬಿಚ್ಚಿ ಗುಜರಿಗೆ ಹಾಕಿ, ಉಳಿದ ಮೈಯ ಮೇಲೆ ಹೂಕುಂಡ ಇಟ್ಟಿದ್ದಾಳೆ. ಅವಳಿಗೆ ಒಂದು ದಿನ ಕುಚೇಷ್ಟೆ ಹತ್ತಿ, ಆ ಸ್ಕೂಟರಿನ ನಂಬರು ಬರೆದುಕೊಂಡು ಹೋಗಿ ಮೂಲೆಯ ಹೊಗೆ ತಪಾಸಣೆ ಅಂಗಡಿಯಲ್ಲಿ ಕೊಟ್ಟಳು. ಗಾಡಿ ಎಲ್ಲಿ ಅಂತ ಕೇಳುವವರೂ ಇಲ್ಲ. ಹೊಗೆ ಮಿತಿಯೊಳಗಿದೆ ಅಂತ ಸರ್ಟಿಫಿಕೇಟು ಕೈಗೆ ಬಂತು. ಮಿತಿಯೊಳಗೆ ಇರದೆ ಇನ್ನೇನು, ಹೂಕುಂಡ ಹೊಗೆ ಬಿಡುತ್ತದೆಯೇ! ಆ ಅಂಗಡಿಗೆ ಪರವಾನಗಿ ಕೊಟ್ಟದ್ದೂ ಸರ್ಕಾರವೇ, ನಿಮ್ಮ ಆಫೀಸೂ ಸರ್ಕಾರದ್ದೇ ಅಂತ ಎಲ್ಲರಿಗೂ ಗೊತ್ತು. ಅದರ ಮೇಲೆ ಬೋರ್ಡು ಬೇರೆ ಹಸಿರಾದರೆ ಜನ ಏನು ತಿಳಿದುಕೊಳ್ಳಬೇಕು?

ನೀನು ಕೊನೆಯ ಸಲ ಬಂದ ಭಾನುವಾರ ಕ್ಷೌರದಂಗಡಿಯವರು ಆಡಿದ್ದು ಅದನ್ನೇ. ನಿನ್ನ ಕೆನ್ನೆಗೆ ಕತ್ತಿ ಇಟ್ಟುಕೊಂಡೇ, ‘ಒಂದು ವಾರ ನಿಮ್ಮ ಬೋರ್ಡು ನಿಜ ಹೇಳ್ತು ಸಾರ್, ಆಮೇಲೆ ಅದಕ್ಕೂ ಮಾಮೂಲಿ ಸಿಕ್ತು ಅಂತ ಕಾಣತ್ತೆ’ ಅಂದರು. ಅಂಗಡಿ ತುಂಬ ನಗು. ನೀನು ಅರ್ಧ ಗಡ್ಡದಲ್ಲೇ ಎದ್ದು ಬಂದೆ, ಮುಖದ ಸೋಪನ್ನು ನನ್ನ ಇಸ್ತ್ರಿ ಮಾಡಿದ ಟವೆಲಿಗೆ ಒರೆಸಿ, ಊಟಕ್ಕೂ ನಿಲ್ಲದೆ ಹೊರಟುಹೋದೆ. ಅವತ್ತಿನಿಂದ ಈ ಕಡೆ ತಲೆ ಹಾಕಿಲ್ಲ. ಅವರು ಈಗಲೂ ನನ್ನನ್ನು ಕಂಡಾಗ ‘ಉಳಿದರ್ಧ ಹಾಗೇ ಇದೆ ಅಂತ ಹೇಳಿ’ ಅನ್ನುತ್ತಾರೆ. ನೀನು ಲಂಚ ಮುಟ್ಟುವವನಲ್ಲ ಅಂತ ನನಗೆ ನನ್ನ ಕೈ ಗೊತ್ತಿರುವಷ್ಟೇ ಗೊತ್ತು. ಆದರೆ ಬೋರ್ಡು ಯಾಕೆ ನಗುತ್ತಿದೆ ಅಂತ ಮಾತ್ರ ನನಗೂ ಗೊತ್ತಿರಲಿಲ್ಲ. ಕೆಲವು ದಿನ ನಿನ್ನ ಬಗ್ಗೆಯೇ ಒಂದು ಸಣ್ಣ ಹುಳ ಹೊಕ್ಕಿತ್ತು ಮನಸ್ಸಿಗೆ.

ಈಗ ಕೇಳು. ಹೋದ ವಾರ ನಲ್ಲಿಯಲ್ಲಿ ನೀರು ನಿಂತಿತು. ಭಾವನಿಗೆ ಅವತ್ತು ಏಳಲೂ ಆಗುತ್ತಿರಲಿಲ್ಲ. ಟ್ಯಾಂಕು ನೋಡೋಣ ಅಂತ ಮಂಡಿಯನ್ನು ಬೈದುಕೊಂಡು ನಾನೇ ಮಹಡಿ ಹತ್ತಿದೆ. ಎಷ್ಟು ಕಾಲವಾಗಿತ್ತೋ ಹತ್ತಿ. ನೋಡುತ್ತೇನೆ, ನಿನ್ನ ಯಂತ್ರ ಗುಂಯ್ ಅಂತ ಓಡುತ್ತಿದೆ, ಗಾಳಿ ಎಳೆದುಕೊಳ್ಳುವ ಅದರ ಕೊಳವೆಯ ತಲೆಗೆ ಒಂದು ದಿಂಬಿನ ಗವಸು. ಬಾಯಿ ಮುಚ್ಚಿ, ಕುತ್ತಿಗೆಗೆ ದಾರ ಸುತ್ತಿ, ಅಚ್ಚುಕಟ್ಟಾಗಿ ಗಂಟು ಹಾಕಿದೆ. ಆ ಗಂಟು ಯಾರದ್ದು ಅಂತ ಹೇಳಬೇಕೇ? ಟಿವಿಗೆ ಗವಸು, ಮಿಕ್ಸಿಗೆ ಗವಸು, ರಿಮೋಟಿಗೆ ಪ್ಲಾಸ್ಟಿಕ್ಕು, ಡಾಕ್ಟರು ಕೊಟ್ಟ ಉಸಿರಿನ ಪಂಪಿಗೂ ಟೇಲರಮ್ಮನ ಕೈಯಲ್ಲಿ ಒಂದು ಪುಟ್ಟ ಚೀಲ ಹೊಲಿಸಿದ್ದಾರೆ ನಿಮ್ಮ ಭಾವ. ಬಸ್ಸು ಓಡಿಸುತ್ತಿದ್ದಾಗ ಸ್ಟೇರಿಂಗಿಗೂ ಬಟ್ಟೆ ಕಟ್ಟಿ ಮನೆಗೆ ಬರುತ್ತಿದ್ದವರು. ನೀನು ಯಂತ್ರ ನಿಲ್ಲಿಸಿ ಹೋಗುವಾಗ ‘ಭಾವಾ, ಲಕ್ಷಗಟ್ಟಲೆ ಬೆಲೆ, ಸ್ವಲ್ಪ ಜೋಪಾನವಾಗಿ ನೋಡ್ಕೊಳ್ಳಿ’ ಅಂದೆಯಲ್ಲ, ಅವರು ಜೋಪಾನವಾಗಿ ನೋಡಿಕೊಂಡರು. ಒಳಗೆ ಧೂಳು ಹೋಗುತ್ತಿದೆಯಲ್ಲಾ, ಕೆಟ್ಟು ಹೋದರೆ ಹುಡುಗನ ಮೇಲೆ ಬರುತ್ತದಲ್ಲಾ ಅಂತ ಮುಚ್ಚಿದರಂತೆ. ಮೊದಮೊದಲು ಆಗಾಗ ಹತ್ತಿ ನೋಡಿಬರುತ್ತಿದ್ದರು. ಉಸಿರು ಸಾಲದೆ ಹೋದಮೇಲೆ ಹತ್ತುವುದನ್ನು ಬಿಟ್ಟರು. ನನಗೆ ಹೇಳಬೇಕು ಅಂತಲೂ ಅನ್ನಿಸಿಲ್ಲ ಅವರಿಗೆ. ಮಿಕ್ಸಿಗೆ ಗವಸು ಹಾಕಿದ್ದನ್ನು ಯಾರಾದರೂ ಹೇಳುತ್ತಾರೆಯೇ?

ಬಿಚ್ಚಿ ಕೈಯಲ್ಲಿ ಹಿಡಿದೆ. ಅದು ನಿನ್ನ ದಿಂಬಿನದೇ, ನೀಲಿ ಹೂವಿನದು. ಹೊರಗಡೆ ಒಂದು ಹೂವೂ ಕಾಣಿಸುತ್ತಿರಲಿಲ್ಲ, ಬಾಣಲೆಯ ತಳದ ಹಾಗೆ ಕಪ್ಪು. ತಿರುವಿ ಹಾಕಿದರೆ ಒಳಗೆ ನಾನು ಇಸ್ತ್ರಿ ಮಾಡಿದ ಗೆರೆಯೂ ಹಾಗೇ ಇದೆ. ಅಲ್ಲೇ ಟ್ಯಾಂಕಿನ ಪಕ್ಕ ಕೂತುಬಿಟ್ಟೆ. ನಗು ಬಂತು, ಆಮೇಲೆ ಅಳು ಬಂತು. ಈ ಮಸಿಯೇ ಅಲ್ಲವೇ ಕೆಳಗೆ ಮಲಗಿರುವ ಮನುಷ್ಯನ ಎದೆಯೊಳಗೆ ಹೋಗುತ್ತಿರುವುದು, ಅವರಿಗೆ ಯಾರು ಗವಸು ಹಾಕಿದ್ದಾರೆ ಅಂತ.

ಭಾವನಿಗೆ ತೋರಿಸಿದೆ. ಗವಸನ್ನು ತಿರುವಿ ತಿರುವಿ ನೋಡಿದರು. ‘ನೋಡ್ಕೊಳ್ಳಿ ಅಂದಿದ್ದ, ನೋಡ್ಕೊಂಡೆ’ ಅಂದರು ಅಷ್ಟೇ. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಹೋಗಿ ಸೋಪು ತಂದರು, ತೊಳೆದುಬಿಡೋಣ ಅಂತ. ನಾನು ಕಿತ್ತುಕೊಂಡೆ. ಮದುವೆಯಾದ ಮೇಲೆ ಅವರ ಕೈಯಿಂದ ನಾನು ಏನನ್ನೂ ಹಾಗೆ ಕಿತ್ತುಕೊಂಡಿರಲಿಲ್ಲ.

ಗವಸು ತೆಗೆದ ಮಾರನೆಯ ದಿನವೇ ಬೋರ್ಡು ಕೆಂಪಾಯಿತು. ಇನ್ನಾದರೂ ಬೀದಿ ನಂಬುತ್ತದೆ ಅಂದುಕೊಂಡೆ, ನನ್ನ ಹುಚ್ಚು. ‘ಯಾರ್ಡಿನ ಸಭೆ ಹತ್ತಿರ ಬಂತಲ್ಲ, ಅದಕ್ಕೇ ನಾಟಕ ಶುರು’ ಅಂದರು ಕ್ಷೌರದಂಗಡಿಯವರು. ಹಸಿರಿದ್ದಾಗಲೂ ಸುಳ್ಳು, ಕೆಂಪಾದಾಗಲೂ ಸುಳ್ಳು. ನಿಮ್ಮ ಮಾತಿಗೆ ಇಲ್ಲಿ ಅಷ್ಟು ಬೆಲೆ ಉಳಿದಿದೆ ನೋಡು. ಅವರನ್ನೂ ಟೇಲರಮ್ಮನನ್ನೂ ಅಂಗಡಿಗೆ ಕರೆದು ಗವಸು ಬಿಡಿಸಿ ಮೇಜಿನ ಮೇಲಿಟ್ಟೆ. ಇಬ್ಬರ ಮುಖವೂ ಇಳಿಯಿತು. ಕ್ಷೌರದಂಗಡಿಯವರು ಬಾಗಿಲ ಕಡೆ ನೋಡಿ, ‘ಅಕ್ಕಾ, ಇದನ್ನ ತೊಳೆದು ಒಳಗಿಟ್ಟುಬಿಡಿ. ಸಭೇಲಿ ಬಾಯಿಬಿಟ್ರೆ ನಮ್ಮ ಮೇಲೆ ನಾವೇ ಚಪ್ಪಡಿ ಎಳ್ಕೊಂಡ ಹಾಗೆ. ಯಂತ್ರ ಕೆಡಿಸಿದ್ದು ಬೀದಿಯವರೇ ಅಂತ ಯಾರ್ಡಿನವನು ಕುಣೀತಾನೆ’ ಅಂದರು. ತಪ್ಪು ಮಾತೇನಲ್ಲ. ಶುಕ್ರವಾರದ ಆ ಸಭೆಯಲ್ಲೇ ಯಾರ್ಡನ್ನು ದೊಡ್ಡದು ಮಾಡಬಹುದೋ ಬೇಡವೋ ಅಂತ ನಿಮ್ಮವರು ಜನರನ್ನು ಕೇಳುವುದು. ದೊಡ್ಡದಾಯಿತೆಂದರೆ ಲಾರಿಗಳು ನಮ್ಮ ಮಲಗುವ ಕೋಣೆಯ ಕಿಟಕಿಯ ಕೆಳಗೇ ನಿಲ್ಲುತ್ತವೆ. ಭಾವ ಆಮೇಲೆ ಎಷ್ಟು ದಿನ ತಾಳುತ್ತಾರೋ ನನಗೆ ಗೊತ್ತಿಲ್ಲ, ಡಾಕ್ಟರೂ ಹೇಳುತ್ತಿಲ್ಲ.

ಆದರೂ ಮುಚ್ಚಿಡುವುದಿಲ್ಲ ಅಂದೆ. ಮುಚ್ಚಿಟ್ಟು ನಿಮ್ಮ ಆಫೀಸನ್ನು ಕಳ್ಳರು ಅಂತ ಕೂಗಿದರೆ, ಹೂಕುಂಡಕ್ಕೆ ಸರ್ಟಿಫಿಕೇಟು ಕೊಟ್ಟ ಆ ಅಂಗಡಿಗೂ ನನ್ನ ಲಾಂಡ್ರಿಗೂ ಏನು ವ್ಯತ್ಯಾಸ? ಕ್ಷೌರದಂಗಡಿಯವರು ಮುನಿಸಿಕೊಂಡು ಹೋದರು. ಟೇಲರಮ್ಮ ಮಾತ್ರ ಗವಸನ್ನು ಬೆಳಕಿಗೆ ಹಿಡಿದು ನೋಡಿ, ‘ಇದನ್ನ ನೋಡಿದ್ಮೇಲೆ ಬೋರ್ಡು ಯಾಕ್ರೀ ಬೇಕು’ ಅಂದಳು. ನನಗೆ ಬೇಕಾದ ಮಾತು ಸಿಕ್ಕಿತು. ಹೋಟೆಲಿನ ಅರಿಶಿನದ ಕಲೆ, ಆಸ್ಪತ್ರೆಯ ರಕ್ತದ ಕಲೆ, ಎಲ್ಲವನ್ನೂ ತೆಗೆದು ಬದುಕಿದವಳು ನಾನು. ಬಟ್ಟೆ ಕಂಡರೆ ಕೈ ಸುಮ್ಮನಿರುವುದಿಲ್ಲ ನನಗೆ. ಈ ಒಂದನ್ನು ತೊಳೆಯುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ಶುಕ್ರವಾರ ಅದನ್ನು ನಿಮ್ಮ ಸಾಹೇಬರ ಮೇಜಿನ ಮೇಲೆ, ನೀರಿನ ಬಾಟಲಿಯ ಪಕ್ಕದಲ್ಲೇ ಬಿಡಿಸಿ ಇಡುತ್ತೇನೆ. ಇದು ನಮ್ಮ ಮನೆಯವರ ತಪ್ಪು, ಇದು ನಮ್ಮ ಬೀದಿಯ ಗಾಳಿ, ಎರಡೂ ಒಂದೇ ಬಟ್ಟೆಯಲ್ಲಿವೆ, ನೋಡಿಕೊಳ್ಳಿ ಅನ್ನುತ್ತೇನೆ. ಭಾವನೂ ಬರುತ್ತಾರೆ. ‘ನನ್ನ ಬಸ್ಸಿನ ಬ್ರೇಕು ಹಿಡೀದಿದ್ರೆ ಹಿಡೀಲಿಲ್ಲ ಅಂತ್ಲೇ ಡಿಪೋದಲ್ಲಿ ಹೇಳ್ತಿದ್ದೆ. ಇದನ್ನೂ ನಾನೇ ಹೇಳ್ತೀನಿ’ ಅನ್ನುತ್ತಿದ್ದಾರೆ. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡಾದರೂ ಹೋಗುತ್ತೇವೆ. ಯಂತ್ರಕ್ಕೆ ಈಗ ಗವಸಿಲ್ಲ, ಭಾವ ಮಾತ್ರ ಅದರ ಯೋಚನೆಯಲ್ಲಿ ಒದ್ದಾಡುತ್ತಾರೆ, ಮಳೆ ಬಂದರೆ ಏನು ಗತಿ ಅಂತ.

ಇಸ್ತ್ರಿ ಕಾದಿದೆ, ಇನ್ನು ನಿಲ್ಲಿಸುತ್ತೇನೆ. ಬೆನ್ನಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊ. ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಲಗಬೇಡ, ನಿನಗೆ ಚಿಕ್ಕಂದಿನಿಂದಲೂ ಅದು ಜೀರ್ಣವಾಗುವುದಿಲ್ಲ. ನೂರು ಕಾಲ ಚೆನ್ನಾಗಿ ಬಾಳು, ತಲೆ ಎತ್ತಿಕೊಂಡು ಬಾಳು. ಭಾವ ನಿನ್ನನ್ನು ಕೇಳಿದ್ದಾರೆ, ಮುಖ ತೋರಿಸಲು ಅವರಿಗೆ ನಾಚಿಕೆ, ಆದರೆ ದಿನಾ ಕೇಳುತ್ತಾರೆ.

ನಿನ್ನ
ಅಕ್ಕ

ಮರೆತಿದ್ದೆ: ಪೋಸ್ಟಿನವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಪ್ರತಿ ತಿಂಗಳೂ ಅಧಿಕಾರಿಗಳು ಬಂದು ಯಂತ್ರ ಪರಿಶೀಲಿಸಿದ್ದಾರೆ ಅಂತ ಸಭೆಯ ನೋಟೀಸಿನಲ್ಲಿ ಅಚ್ಚಾಗಿದೆ, ಕೆಳಗೆ ನಿನ್ನ ಸಹಿ ಇದೆ. ಮಹಡಿಯ ಮೆಟ್ಟಿಲು ನನ್ನ ಇಸ್ತ್ರಿ ಮೇಜನ್ನು ದಾಟಿಯೇ ಹೋಗಬೇಕು, ಬೇರೆ ದಾರಿ ಇಲ್ಲ. ಯಾರೂ ಹತ್ತಲಿಲ್ಲ ಪುಟ್ಟಾ. ಒಬ್ಬರು ಹತ್ತಿದ್ದರೂ ಆ ಗವಸು ಕಣ್ಣಿಗೆ ಬೀಳುತ್ತಿತ್ತು. ನನ್ನನ್ನು ಕೇಳಿದರೆ ಹತ್ತಲಿಲ್ಲ ಅಂತಲೇ ಹೇಳುತ್ತೇನೆ. ನಿನಗೋಸ್ಕರ ಸುಳ್ಳು ಹೇಳಲು ಬಾರದವಳಲ್ಲ ನಾನು, ನಿನ್ನ ಹೆಡ್‌ಮಾಸ್ಟರಿಗೆ ಎಷ್ಟು ಹೇಳಿಲ್ಲ! ಈ ಸಲ ಹೇಳುವುದಿಲ್ಲ. ಅದಕ್ಕೇ ನನಗಿಂತ ಮೊದಲು ನೀನೇ ಎದ್ದು ಹೇಳು. ಕೆಲಸಕ್ಕೆ ಕುತ್ತು ಬಂದರೆ ಬರಲಿ, ಲಾಂಡ್ರಿಯಲ್ಲಿ ಇನ್ನೊಂದು ಇಸ್ತ್ರಿ ಪೆಟ್ಟಿಗೆ ಖಾಲಿ ಇದೆ. ಗುರುವಾರ ಸಂಜೆಯೇ ಬಾ. ನಿನ್ನ ದಿಂಬಿಗೆ ಬೇರೆ ಗವಸು ಹಾಕಿಟ್ಟಿದ್ದೇನೆ.