ಚೀಟಿ ಬಿದ್ದ ಬಟ್ಟೆಗೆ ಕತ್ತರಿ ಹಾಕುವ ಕಚೇರಿಗೆ

ಮಳಿಗೆ ಹಂಚಿಕೆ ವಿಭಾಗದ ಮಾನ್ಯ ಅಧಿಕಾರಿಗಳೇ,

ಬರುವ ಸೋಮವಾರ ತಾವು ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗಿನ ಹದಿನೇಳನೇ ಮಳಿಗೆಗೆ ಬೀಗ ಜಡಿಯಲಿದ್ದೀರಿ. ಅದು ನನ್ನ ಸೋದರತ್ತೆಯ ಹೊಲಿಗೆ ಅಂಗಡಿ. ಕಾರಣ, ತಮ್ಮ ನೋಟಿಸಿನ ಮಾತಿನಲ್ಲೇ: "ಅವಧಿಯೊಳಗೆ ಓದಬಲ್ಲ ಆಕ್ಷೇಪಣೆ ಬಂದಿರುವುದಿಲ್ಲ." ಬರೀ 'ಬಂದಿಲ್ಲ' ಎಂದಿದ್ದರೆ ಗ್ರಹಚಾರವನ್ನು ಬೈದು ಸುಮ್ಮನಾಗುತ್ತಿದ್ದೆ. 'ಓದಬಲ್ಲ' ಎಂಬ ಆ ನಾಲ್ಕಕ್ಷರವೇ ನನ್ನಿಂದ ಈ ನಾಲ್ಕು ಮಾತು ಬರೆಸುತ್ತಿದೆ.

ಮಳಿಗೆ ತೆರವು ಮಾಡಿಸಬಾರದೆಂದು ಅತ್ತೆ ಆಕ್ಷೇಪಣೆ ಸಲ್ಲಿಸಿದ್ದು ತಮ್ಮದೇ ಜಾಲತಾಣದ ಮೂಲಕ, ಅಚ್ಚ ಕನ್ನಡದಲ್ಲಿ. ಅವರು ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತ ಹೇಳಿದರು, ನಾನು ಟೈಪ್ ಮಾಡಿದೆ. ಜಾಲತಾಣ ಅದನ್ನು ಇಮೇಲಾಗಿಸಿ ತಮ್ಮದೇ ಸ್ವೀಕೃತಿ ವಿಭಾಗಕ್ಕೆ ಕಳಿಸಿತು. ಕಳಿಸುವಾಗ ಒಂದು ಸಾಲು ಬಿಟ್ಟಿತು. ಕಂಪ್ಯೂಟರಿಗೆ ಅಕ್ಷರವೆಂದರೆ ಬರೀ ಅಂಕೆ; ಯಾವ ಪಟ್ಟಿ ಹಿಡಿದು ಆ ಅಂಕೆಗಳನ್ನು ಓದಬೇಕೆಂದು ಹೇಳುವ ಚೀಟಿ ಆ ಸಾಲು. ಚೀಟಿಯಿಲ್ಲದ ಪತ್ರ ಬಂದಾಗ ತಮ್ಮ ಮೇಲ್ ತಂತ್ರಾಂಶ ಏನು ಮಾಡಬೇಕಿತ್ತು? ಅಂಕೆಗಳ ಚಹರೆ ನೋಡಿ ಪತ್ತೆ ಹಚ್ಚಬಹುದಿತ್ತು. ಆಗದಿದ್ದರೆ ಎದುರಿಗೆ ಕುಳಿತ ಮನುಷ್ಯರನ್ನು ಕೇಳಬಹುದಿತ್ತು. ಎರಡನ್ನೂ ಮಾಡದೆ, ಭೂಮಂಡಲದ ಪತ್ರಗಳೆಲ್ಲ ಇಂಗ್ಲಿಷಿನ ನೆಂಟರಿಷ್ಟರವೇ ಎಂದು ಅದು ತೀರ್ಪು ಕೊಟ್ಟಿತು. ಅತ್ತೆಯ ಒಂದೊಂದು ಅಕ್ಷರವೂ ತಲೆಯ ಮೇಲೆ ಗೀಟು ಹೊತ್ತ ಒಂದು ಇಂಗ್ಲಿಷ್ 'ಎ', ಅದರ ಹೆಗಲೇರಿದ ಪುಟ್ಟ ಎರಡೋ ಮೂರೋ, ಬೆನ್ನಿಗೊಂದು ಹೆಸರಿಲ್ಲದ ಚಿಹ್ನೆಯಾಗಿ ಸಿಡಿಯಿತು. ಒಂದು ಕೊಟ್ಟರೆ ಮೂರು! ಉದಾರತೆಯಲ್ಲಿ ತಮ್ಮ ಕಚೇರಿಯನ್ನು ಮೀರಿಸುವವರಿಲ್ಲ. ಅಕ್ಷರವೆಂದರೆ ನಾಶವಿಲ್ಲದ್ದು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಪಾಪ, ಆ ಮೇಷ್ಟರು ತಮ್ಮ ಕಚೇರಿ ನೋಡಿರಲಿಲ್ಲ.

ಇಲ್ಲಿಯವರೆಗಿನದು ಯಂತ್ರದ ಮಂಕುತನ. ಮುಂದಿನದು ಶುದ್ಧ ಮಾನವ ಸಾಧನೆ. ಗುಮಾಸ್ತರು ಅದನ್ನು ಪ್ರಿಂಟ್ ತೆಗೆದು, ಮುದ್ರೆ ಒತ್ತಿ, 'ಪರಭಾಷೆಯ ಪತ್ರ' ಎಂದು ಅನುವಾದ ಶಾಖೆಗೆ ಕಳಿಸಿದರು. ಶಾಖೆ ಹದಿಮೂರು ದಿನ ಇಟ್ಟುಕೊಂಡು, "ಈ ಭಾಷೆಯ ಅನುವಾದಕರ ಹುದ್ದೆ ಮಂಜೂರಾಗಿಲ್ಲ" ಎಂದು ಷರಾ ಬರೆದು ಹಿಂದಿರುಗಿಸಿತು. ಮಂಜೂರಾಗಿದ್ದರೆ ಯಾರನ್ನು ನೇಮಿಸುತ್ತಿದ್ದಿರಿ? ಆ ಭಾಷೆ ಬಲ್ಲ ಏಕೈಕ ಜೀವ ತಮ್ಮ ಕಂಪ್ಯೂಟರು, ಅದಕ್ಕಾಗಲೇ ಕೆಲಸವಿದೆ.

ಕಳೆದ ಗುರುವಾರ ನಾನೇ ಸ್ವೀಕೃತಿ ವಿಭಾಗಕ್ಕೆ ಹೋದೆ. ಗುಮಾಸ್ತರು ಒಳ್ಳೆಯವರು, ಕುರ್ಚಿ ಸರಿಸಿ ಪರದೆ ತೋರಿಸಿದರು. ಮೇಲಿನ ಪಟ್ಟಿಯಲ್ಲಿ ಅಕ್ಷರ ಸಂಕೇತ ಬದಲಿಸುವ ಜಾಗ ಹುಡುಕಿ ಒತ್ತಿದೆ. ಎರಡೇ ಕ್ಲಿಕ್ಕು. ಅತ್ತೆಯ ಕನ್ನಡ ಮೈಕೊಡವಿ ಎದ್ದು ನಿಂತಿತು.

"ಅರೆ, ಓದೋಕಾಗುತ್ತಲ್ರೀ," ಎಂದರು. "ಚೆನ್ನಾಗೂ ಬರ್ದಿದಾರೆ."

"ಹಾಗಾದ್ರೆ ತಗೊಳ್ಳಿ ಸಾರ್."

"ಹೇಗ್ ತಗೊಳ್ಳೋದು? ನಮ್ಮಲ್ಲಿ ಪ್ರಿಂಟೇ ಮೂಲ, ಇಮೇಲು ಅದರ ನಕಲು. ಮೂಲದಲ್ಲಿ ಇಲ್ಲದ್ದು ನಕಲಲ್ಲಿ ಕಂಡ್ರೆ ಅದನ್ನ ತಿದ್ದಿದ್ದಾರೆ ಅಂತಾರೆ."

"ಇನ್ನೊಂದು ಪ್ರಿಂಟ್ ತೆಗೀರಿ."

"ಒಂದು ಅರ್ಜಿಗೆ ಎರಡೆರಡು ಮೂಲ ಎಲ್ಲಿರುತ್ತೆ ಸ್ವಾಮಿ?"

ನದೀಮೂಲ, ಋಷಿಮೂಲ ಕೇಳಬಾರದೆಂದು ಗೊತ್ತಿತ್ತು. ಇಮೇಲ್ ಮೂಲವನ್ನೂ ಕೇಳಬಾರದೆಂದು ಗೊತ್ತಾದದ್ದು ಅಂದೇ.

ಬಂದು ಅತ್ತೆಗೆ ಹೇಳಿದೆ. ಅವರ ಅಂಗಡಿಯಲ್ಲಿ ಬಟ್ಟೆ ಬಂದೊಡನೆ ಅಳತೆ ಬರೆದ ಚೀಟಿಯನ್ನು ಪಿನ್ ಮಾಡುತ್ತಾರೆ. ಹೊಲಿದು ಮುಗಿಯುವವರೆಗೆ ಅದನ್ನು ಬಿಚ್ಚುವುದಿಲ್ಲ.

"ಲೋ, ಚೀಟಿ ಬಿದ್ದೋದ ಬಟ್ಟೆ ತಿಂಗಳಿಗೆ ನಾಲ್ಕಾದ್ರೂ ನನ್ ಕೈಗೆ ಸಿಗುತ್ತೆ," ಎಂದರು. "ಅಂದಾಜಿನ ಮೇಲೆ ಕತ್ತರಿ ಹಾಕ್ತೀನೇನೋ?"

"ಮತ್ತೇನ್ ಮಾಡ್ತೀರಿ ಅತ್ತೆ?"

"ಮಡಚಿ ಇಡ್ತೀನಿ. ಯಾರದು ಅಂತ ಕೇಳ್ತೀನಿ. ಕತ್ತರಿಸಿದ್ ಮೇಲೆ ತಪ್ಪಾಯ್ತು ಅಂದ್ರೆ ಬಟ್ಟೆ ಕೂಡ್ಕೊಳ್ಳುತ್ತಾ?"

ಏಳನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸಿಗೆ ಹೊಳೆದದ್ದು ತಮ್ಮ ತಂತ್ರಾಂಶ ಕೊಂಡವರಿಗೆ ಹೊಳೆಯಲಿಲ್ಲ. ಅತ್ತೆ ಆಗಲೇ, ಸೋಮವಾರದೊಳಗೆ ಹೊಲಿಯಲಾಗದೆ ಉಳಿಯುವ ಬಟ್ಟೆಗಳನ್ನು ಗಿರಾಕಿಗಳಿಗೆ ಮರಳಿಸಲು ಗಂಟು ಕಟ್ಟುತ್ತಿದ್ದರು. ಇಪ್ಪತ್ತೆರಡು ವರ್ಷದ ಅಂಗಡಿ. ಕಪಾಟು ಅರ್ಧ ಖಾಲಿ. ಒಂದೊಂದು ಗಂಟಿಗೂ ಮರೆಯದೆ ಚೀಟಿ.

ಅಂದ ಹಾಗೆ, ಆ ಮಳಿಗೆ ತಮಗೆ ಬೇಕಿರುವುದು ಹಳೆಯ ಕಡತ ತುಂಬಲಂತೆ. ನಿಜ, ಓದದ ಕಾಗದಗಳಿಗೆ ಎಷ್ಟು ಜಾಗವಿದ್ದರೂ ಸಾಲದು.

ನನ್ನ ಬೇಡಿಕೆ ದೊಡ್ಡದಲ್ಲ. ಜಾಲತಾಣವನ್ನು ಆಮೇಲೆ ಸರಿಪಡಿಸಿಕೊಳ್ಳಿ, ತಂತ್ರಾಂಶಕ್ಕೆ ಆಮೇಲೆ ಬುದ್ಧಿ ಕಲಿಸಿ. ಸೋಮವಾರ ಬೀಗ ಹಿಡಿದು ಹೊರಡುವ ಮುನ್ನ ಆ ಇಮೇಲ್ ತೆರೆದು, ಎರಡು ಕ್ಲಿಕ್ ಒತ್ತಿ, ಓದಿ. ಓದಿದ ಮೇಲೂ ಬೀಗ ಹಾಕಬೇಕೆನಿಸಿದರೆ ಅತ್ತೆಯನ್ನು ಎದುರಿಗೆ ಕೂರಿಸಿ ಅದನ್ನು ಹೇಳಿ. ಕತ್ತರಿ ಅಲ್ಲಿಯವರೆಗೆ ಮೇಜಿನ ಮೇಲಿರಲಿ.

ಈ ಸಲ ಚೀಟಿ ಲಗತ್ತಿಸಿದ್ದೇನೆ. ಭಾಷೆ: ಕನ್ನಡ. ಲಿಪಿ: ಕನ್ನಡ. ಓದುವ ಕ್ರಮ: ಕಣ್ಣು ಬಿಟ್ಟು.

ಇಂತಿ,
ಮಂಜೂರಾಗದ ಭಾಷೆಯಲ್ಲಿ ಮೊರೆಯಿಡುವ,
ಹದಿನೇಳನೇ ಮಳಿಗೆಯ ಬಿಟ್ಟಿ ಟೈಪಿಸ್ಟ್