ಪಕ್ಕದ ಸೀಟಿನ ಹೆಡ್‌ಸೆಟ್

ಮಾರ್ಚ್ ೧೪, ಶನಿವಾರ

ನನ್ನ ಮಾತಿನಮಲ್ಲಿಗೆ,

ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಂದುಕೊಳ್ಳದೆ ಇನ್ನೇನು ಮಾಡಲಿ, ಫೋನ್ ಮಾಡಿದರೆ ನೀನು ‘ಹೂಂ’, ‘ಸರಿ’, ‘ಇಡ್ಲಾ?’ ಅಂತ ಮೂರು ಮಾತಲ್ಲಿ ಮುಗಿಸಿಬಿಡುತ್ತೀಯ. ಎಂಟು ತಿಂಗಳಾಯಿತು ಹೀಗೆ. ಈ ಕಾಗದ ಬರೆಯೋಕೆ ಕೂತಿರೋದು ನಾಲ್ಕನೇ ಸಲ. ಮೊದಲಿನ ಮೂರನ್ನೂ ಹರಿದು ಕಸದ ಬುಟ್ಟಿಗೆ ಹಾಕಿದೆ. ಅದಕ್ಕೇ ಇಷ್ಟು ತಡ. ತಡವಾಯಿತು ಅಂತ ಬೈಯೋದಾದರೆ ಬೈದುಬಿಡು, ಹಾಗಾದರೂ ನಿನ್ನಿಂದ ನಾಲ್ಕು ಮಾತು ಹೆಚ್ಚಿಗೆ ಕೇಳಿದ ಹಾಗಾಗುತ್ತೆ. ಮನೆಯಲ್ಲಿ ಬಿಳಿ ಹಾಳೆ ಮುಗಿದಿದೆ, ಇದು ಕ್ಲಿನಿಕ್ಕಿನ ಚೀಟಿ. ಮೇಲೆ ದವಡೆ ಹಲ್ಲಿನ ಚಿತ್ರ ಇದೆ ಅಂತ ನಗಬೇಡ.

ನನ್ನ ಸಮಾಚಾರ ಎಲ್ಲ ಇದ್ದ ಹಾಗೇ ಇದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಊರವರ ಹಲ್ಲು. ಬಾಯಿ ತೆರೆದು ಕೂತವರಿಗೆ ಪ್ರಶ್ನೆ ಕೇಳೋದು, ಅವರು ಗಂಟಲಲ್ಲೇ ಏನೋ ಅನ್ನೋದು, ನಾನೇ ಅರ್ಥ ಮಾಡಿಕೊಂಡು ನಾನೇ ಉತ್ತರ ಹೇಳಿಕೊಳ್ಳೋದು. ಮೂವತ್ತು ವರ್ಷ ಇದೇ ಆಗಿ ನನಗೆ ಎದುರಿನವರ ಮಾತು ಕೇಳೋ ಅಭ್ಯಾಸವೇ ತಪ್ಪಿಹೋಗಿದೆ ಅಂತ ನೀನೇ ಒಂದು ಸಲ ರೇಗಿದ್ದೆ. ಆರಕ್ಕೆ ನರ್ಸ್ ಹೊರಟುಹೋದಮೇಲೆ ಮೆಟ್ಟಿಲು ಹತ್ತಿ ಮನೆಗೆ ಬಂದರೆ ಫ್ರಿಜ್ ಒಂದು ಗುರ್ ಅನ್ನುತ್ತಿರುತ್ತೆ. ಅದೂ ಆಗಾಗ ನಿಂತುಬಿಡುತ್ತೆ. ನಿಂತಾಗ ಮನೆ ಬಿಕೋ ಅನ್ನುತ್ತೆ ಕಣೇ, ನಾನು ಏನಾದರೂ ನೆವ ಮಾಡಿಕೊಂಡು ನಲ್ಲಿ ಬಿಡುತ್ತೇನೆ.

ಭಾನುವಾರ ಮಾತ್ರ ಒಂದಿಷ್ಟು ಜೀವ. ಕ್ಲಬ್ಬಿಗೆ ಹೋಗಿ ಅದೇ ಎರಡು ಸೀಟಿನ ಪುಟ್ಟ ವಿಮಾನ ತೆಗೆದುಕೊಂಡು ಒಂದು ಗಂಟೆ ಹಾರಿ ಬರುತ್ತೇನೆ. ನೀನು ಕೂರುತ್ತಿದ್ದ ಸೀಟಿನಲ್ಲಿ ಈಗ ನೀರಿನ ಬಾಟಲಿ. ಬೆಲ್ಟ್ ಹಾಕದಿದ್ದರೆ ತಿರುಗುವಾಗ ಉರುಳಿ ಪೆಡಲ್ ಕೆಳಗೆ ಸೇರಿಕೊಳ್ಳುತ್ತೆ, ಅದಕ್ಕೇ ಬಿಗಿದು ಕೂರಿಸುತ್ತೇನೆ. ಹಾರಾಟ ಕಲಿಸಿದ ಮೇಷ್ಟ್ರು ಅದನ್ನು ನೋಡಿ, ಡಾಕ್ಟ್ರಿಗೆ ಒಳ್ಳೇ ಪ್ಯಾಸೆಂಜರ್ ಸಿಕ್ಕಿದ್ದಾರೆ, ಒಂದು ತಕರಾರಿಲ್ಲ ಅಂತ ತಮಾಷೆ ಮಾಡಿದರು. ನಾನೂ ನಕ್ಕೆ.

ಈಗ ದೊಡ್ಡ ಸುದ್ದಿ ಕೇಳು. ಹನ್ನೊಂದು ವರ್ಷದಿಂದ ನನ್ನ ತಲೆ ಹಿಂಡುತ್ತಿದ್ದ ಹಳೇ ಹೆಡ್‌ಸೆಟ್ ಕೊನೆಗೂ ಕೈಕೊಟ್ಟಿತು. ಕಿವಿಯ ಮೆತ್ತೆ ಒಣಗಿ ಕಪ್ಪು ಹೊಟ್ಟು ಉದುರುತ್ತಿತ್ತು. ಹೋದ ತಿಂಗಳು ಭಾನುವಾರದ ಅದೇ ಹೊಟ್ಟು ಮೆತ್ತಿಕೊಂಡು ಸೋಮವಾರ ಕ್ಲಿನಿಕ್ಕಿಗೆ ಹೋಗಿ ನಾಲ್ಕು ಜನರ ಹಲ್ಲು ನೋಡಿದ ಮೇಲೆ ನರ್ಸ್ ಹತ್ತಿ ತೆಗೆದುಕೊಂಡು ನನ್ನ ಕಿವಿ ಹಿಂದೆ ಒರೆಸಿದಳು. ಆಮೇಲೆ ಎಡಗಡೆಯ ಸ್ಪೀಕರ್ ಕೆಟ್ಟಿತು. ಪೈಲಟ್ ಲೈಸೆನ್ಸಿಗೆ ವೈದ್ಯಕೀಯ ಪರೀಕ್ಷೆ ಮಾಡುವ ಡಾಕ್ಟರು ಬೇರೆ, ಮೆತ್ತಗಿನ ದನಿ ನಿಮಗೆ ಬೇಗ ಸಿಗುತ್ತಿಲ್ಲ, ಹಲ್ಲು ಕೊರೆಯುವ ಡ್ರಿಲ್ ಜೊತೆಗೆ ಇಂಜಿನ್ನೂ ಸೇರಿದರೆ ಇನ್ನು ಹತ್ತು ವರ್ಷಕ್ಕೆ ಕಿವುಡಿ ಆಗುತ್ತೀರಿ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟರು. ಒಳ್ಳೇ ಹೆಡ್‌ಸೆಟ್ ತಗೊಳ್ಳಲೇಬೇಕು ಅಂತಾಯಿತು.

ಮೇಷ್ಟ್ರನ್ನು ಕೇಳಿದೆ. ಬ್ಯಾಟರಿ ಹಾಕಿ ಸದ್ದು ಅಳಿಸುವ ಹೊಸ ಹೆಡ್‌ಸೆಟ್‌ಗಳ ಹೆಸರೆತ್ತಿದರೆ ಅವರು ಮೂಗು ಮುರಿಯುತ್ತಾರೆ. ಇಂಜಿನ್ ನಿಮ್ಮ ಹತ್ತಿರ ಏನೋ ಹೇಳುತ್ತಿರುತ್ತೆ, ಅದನ್ನೇ ಮುಚ್ಚಿಬಿಟ್ಟರೆ ಅದಕ್ಕೆ ಸೀಕು ಬಂದದ್ದು ಹೇಗೆ ಗೊತ್ತಾಗಬೇಕು ಅಂತ ಅವರ ವಾದ. ಬ್ಯಾಟರಿ ಮಧ್ಯದಲ್ಲಿ ಮುಗಿದರೆ ಗತಿಯೇನು ಅಂತ ಇನ್ನೊಂದು. ಅವರದು ಬರೀ ದಪ್ಪ ಮೆತ್ತೆಯ, ಕಾಲು ಕಿಲೋಗಿಂತ ಜಾಸ್ತಿ ತೂಕದ ಹಳೇ ಕಾಲದ್ದು. ಇಳಿದ ಮೇಲೆ ಅರ್ಧ ಗಂಟೆ ಕುತ್ತಿಗೆ ಉಜ್ಜಿಕೊಳ್ಳುತ್ತಾ ಕೂರುತ್ತಾರೆ, ಅದನ್ನು ಮಾತ್ರ ಹೇಳೋಲ್ಲ.

ಏರ್‌ಫೀಲ್ಡ್ ಗೇಟಿನ ಎದುರಿನ ಒಂದೇ ಕೋಣೆಯ ಅಂಗಡಿಗೆ ಹೋದೆ. ಅಂಗಡಿಯವಳು ಬಾಯಿ ಬಿಟ್ಟಳೋ ಇಲ್ಲವೋ, ನನಗೆ ಎಲ್ಲೋ ಕೇಳಿದ ದನಿ ಅನ್ನಿಸಿತು. ನೋಡಿದರೆ ಅವಳು ಹೋದ ವರ್ಷದವರೆಗೆ ಕಂಟ್ರೋಲ್ ಟವರಿನಲ್ಲಿದ್ದವಳು. ಹತ್ತು ವರ್ಷ ಅವಳು ‘ಇಳೀಬಹುದು’ ಅಂದಮೇಲೇ ನಾನು ಇಳಿದಿದ್ದೇನೆ, ಮುಖ ನೋಡಿದ್ದು ಮೊದಲ ಸಲ. ಅವಳಿಗೂ ನನ್ನ ದನಿ ಗುರುತು ಸಿಕ್ಕಿತು. ನೀವು ರೇಡಿಯೋದಲ್ಲಿ ಬೇಕಿದ್ದಕ್ಕಿಂತ ಒಂದೆರಡು ಮಾತು ಜಾಸ್ತಿ ಆಡುತ್ತಿದ್ದಿರಿ, ಹವಾಮಾನ ಕೇಳಿ ಆದಮೇಲೂ ಇನ್ನೇನಾದರೂ ಕೇಳುತ್ತಿದ್ದಿರಿ ಅಂದಳು. ನನಗೆ ನಾಚಿಕೆಯಾಯಿತು. ಭಾನುವಾರ ನನ್ನ ಮಾತಿಗೆ ಉತ್ತರ ಕೊಡುತ್ತಿದ್ದವಳು ಅವಳೊಬ್ಬಳೇ ಅಂತ ಹೇಳಲಿಲ್ಲ.

ಅವಳದು ಒಂದು ಪದ್ಧತಿ. ಹೆಡ್‌ಸೆಟ್ ಹಾಕಿ ಎರಡು ನಿಮಿಷಕ್ಕೆ ‘ಚೆನ್ನಾಗಿದೆ’ ಅಂದವರಿಗೆ ಮಾರೋದೇ ಇಲ್ಲ. ಇಂಜಿನ್ ಸದ್ದು ರೆಕಾರ್ಡ್ ಮಾಡಿದ್ದನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿ, ಕುರ್ಚಿಯಲ್ಲಿ ಕೂರಿಸಿ, ಇಪ್ಪತ್ತು ನಿಮಿಷ ಹಾಗೇ ಬಿಡುತ್ತಾಳೆ. ಮೇಲೆ ಕೆಳಗೆ ನೋಡಿ, ತಿರುಗಿ, ಬಗ್ಗಿ ಅಂತ ಕವಾಯತು ಬೇರೆ. ನನ್ನ ಕನ್ನಡಕದ ದಪ್ಪ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿಯುತ್ತೆ, ಆ ಸಂದಿಯಲ್ಲೇ ಸದ್ದು ನುಗ್ಗುತ್ತೆ ಅಂತ ಬೆರಳಿಟ್ಟು ತೋರಿಸಿದಳು. ಹನ್ನೊಂದು ವರ್ಷ ಇದು ನನಗೆ ಹೊಳೆದಿರಲಿಲ್ಲ ನೋಡು. ತುರುಬೂ ಅಡ್ಡ ಬಂತು, ಪಟ್ಟಿ ಹಿಂದಕ್ಕೆ ಜಾರುತ್ತಿತ್ತು. ಕೆಳಗೆ ಇಳಿಸಿ ಕಟ್ಟಿಕೊಂಡೆ.

ಮೊದಲನೆಯದು ಮೇಷ್ಟ್ರ ಥರದ್ದು, ಹದಿನೈದು ನಿಮಿಷಕ್ಕೆ ನೆತ್ತಿ ನೋಯಿತು. ಕಿವಿಯೊಳಕ್ಕೇ ತುರುಕುವ ಇನ್ನೊಂದು ಹೂವಿನಷ್ಟು ಹಗುರ, ಆದರೆ ದಿನವಿಡೀ ಬೇರೆಯವರ ಬಾಯಿಗೆ ಸಾಮಾನು ತುರುಕುವ ನನಗೆ ಅದು ಹಿಡಿಸಲಿಲ್ಲ. ಮೂರನೆಯದು ಬ್ಯಾಟರಿಯದ್ದು. ಗುಂಡಿ ಒತ್ತಿದ್ದೇ ತಡ, ಅಷ್ಟು ದೊಡ್ಡ ಇಂಜಿನ್ ಪಕ್ಕದ ಮನೆಯ ಮಿಕ್ಸಿಯಷ್ಟಾಯಿತು. ಬ್ಯಾಟರಿ ಮುಗಿದರೂ ಮಾತು ನಿಲ್ಲೋದಿಲ್ಲ, ಸದ್ದು ಮಾತ್ರ ವಾಪಸ್ ಬರುತ್ತೆ ಅಂತ ತೆಗೆದು ತೋರಿಸಿದಳು. ಎಲ್ಲ ಸರಿ, ಆದರೆ ಆ ನಿಶ್ಶಬ್ದದಲ್ಲಿ ಕೂತ ಇಪ್ಪತ್ತು ನಿಮಿಷ ನನಗೆ ಮನೆಯ ನೆನಪೇ ಬರುತ್ತಿತ್ತು.

ಇದೇ ಇರಲಿ ಅಂದೆ. ಅವಳು ಕಟ್ಟಿಕೊಡದೆ ಇನ್ನೊಂದು ಪ್ರಶ್ನೆ ಹಾಕಿದಳು.

“ಪಕ್ಕದಲ್ಲಿ ಯಾರು ಕೂರ್ತಾರೆ?”

“ಮಗಳು,” ಅಂದುಬಿಟ್ಟೆ.

ಹಾಗಾದರೆ ಅವಳ ಕಿವಿಗೂ ಒಂದು ಬೇಡವೇ, ಕ್ಲಬ್ಬಿನ ಹರಕು ಹೆಡ್‌ಸೆಟ್ಟಿನಲ್ಲಿ ಯಾಕೆ ಕೂರಿಸುತ್ತೀರಿ ಅಂತ ತರಾಟೆಗೆ ತಗೊಂಡಳು. ಮೆತ್ತಗೆ ಮಾತಾಡುತ್ತಾಳೋ, ಜೋರಾಗಿಯೋ, ಮೈಕನ್ನು ತುಟಿ ಹತ್ತಿರ ಇಟ್ಟುಕೊಳ್ಳುತ್ತಾಳೋ ಅಂತೆಲ್ಲ ವಿಚಾರಿಸಿದಳು. ಯಾವಾಗಲೂ ಮಾತಾಡುತ್ತಲೇ ಇರುತ್ತಾಳೆ ಅಂದೆ. ಅವಳು ನಕ್ಕು, ಅದೇ ಥರದ ಎರಡನೇದನ್ನು ಕಪಾಟಿನಿಂದ ತೆಗೆದು ನನ್ನದರ ಪಕ್ಕದಲ್ಲಿಟ್ಟಳು. ಒಂದೋ ಎರಡೋ ಬೇಗ ಹೇಳಿ, ಇವೆರಡೇ ಉಳಿದಿರೋದು ಅಂದಳು. ಮಗಳನ್ನು ಕೇಳಿ ಹೇಳುತ್ತೇನೆ ಅಂತ ಎದ್ದು ಬಂದೆ. 

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ನೀನು ಯಾಕೆ ಮುನಿಸಿಕೊಂಡಿದ್ದೀಯ ಅಂತ ನನಗೆ ಗೊತ್ತು. ಜುಲೈನಲ್ಲಿ ನೀನು ಬಂದಾಗ ನಾವಿಬ್ಬರೂ ಹಾರಿದೆವಲ್ಲ, ಆವತ್ತು ಮೇಲೆ ಇರುವಾಗಲೇ ನೀನು, ನಿನ್ನ ಮೈ ಸರಿಯಿಲ್ಲ, ನಾನು ಹದಿನೈದು ದಿನ ನಿನ್ನ ಹತ್ತಿರ ಬಂದು ಇರಬೇಕು ಅಂತ ಕೇಳಿದೆ. ನಾನು ತಲೆಯಾಡಿಸಿದೆ. ಆಮೇಲೆ ಬರಲಿಲ್ಲ. ನೀನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆಯಂತೆ, ನನಗೋಸ್ಕರ ಆ ಸಣ್ಣ ಕೋಣೆ ಖಾಲಿ ಮಾಡಿ ಮಂಚ ಹಾಕಿಸಿದ್ದೆಯಂತೆ. ನವೆಂಬರಿನಲ್ಲಿ ಅಳಿಯಂದಿರು ನಿನಗೆ ಗೊತ್ತಿಲ್ಲದ ಹಾಗೆ ಫೋನ್ ಮಾಡಿ ಇದೆಲ್ಲ ಹೇಳಿದರು. ಪಾಪ, ಒಂದು ಮಾತೂ ಏರಿಸಿ ಆಡಲಿಲ್ಲ. ಕ್ಲಿನಿಕ್ಕಿನಲ್ಲಿ ಕೆಲಸ ಜಾಸ್ತಿ ಇತ್ತು, ಬಿಟ್ಟು ಬರೋಕಾಗಲಿಲ್ಲ ಅಂತ ಅವರಿಗೆ ಹೇಳಿದೆ. ನಿನಗೂ ಅದನ್ನೇ ಹೇಳಬೇಕಾಗಿದೆ. ಬರಬೇಕಿತ್ತು, ಬರಲಿಲ್ಲ, ತಪ್ಪಾಯಿತು.

ನೀನು ನನ್ನ ಹತ್ತಿರ ಮೊದಲಿನ ಹಾಗೆ ಮಾತಾಡಬೇಕು, ನನಗೆ ಬೇಕಾಗಿರೋದು ಅದೊಂದೇ. ಜಗಳವಾಡಿದರೂ ಆಗಬಹುದು. ಅಂಗಡಿಯವಳು ಮುಂದಿನ ಶನಿವಾರದವರೆಗೆ ಎರಡನ್ನೂ ಎತ್ತಿಟ್ಟಿರುತ್ತಾಳೆ. ನೀನು ಬಂದು ಕೂರುತ್ತೀಯ ಅಂದರೆ ಎರಡೂ ತಗೊಳ್ಳುತ್ತೇನೆ. ಇಲ್ಲ ಅಂದರೆ ಒಂದು ಸಾಕು. ಬಾಟಲಿಗೆ ಹೆಡ್‌ಸೆಟ್ ಬೇಕಾಗೋಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ರಾತ್ರಿ ಹಲ್ಲುಜ್ಜದೆ ಮಲಗಬೇಡ. ಇಬ್ಬರೂ ಆರೋಗ್ಯವಾಗಿ, ಒಬ್ಬರಿಗೊಬ್ಬರು ಆಸರೆಯಾಗಿ ಬಹಳ ಕಾಲ ಬಾಳಿ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಅವರು ಫೋನ್ ಮಾಡಿದ್ದಕ್ಕೆ ಅವರ ಮೇಲೆ ರೇಗಬೇಡ.

ನಿನ್ನ
ಅಮ್ಮ

ತಾ.ಕ.: ಅಂಚೆಗೆ ಹಾಕೋಕೆ ಹೋಗಿ ಅರ್ಧ ದಾರಿಯಿಂದ ವಾಪಸ್ ಬಂದೆ. ಕ್ಲಿನಿಕ್ಕಿನ ಕೆಲಸ ಅಂತ ಮೇಲೆ ಬರೆದಿರೋದು ಸುಳ್ಳು. ಹರಿದು ಹಾಕಿದ ಕಾಗದಗಳಲ್ಲೂ ಸುಳ್ಳೇ ಇತ್ತು. ಒಂದರಲ್ಲಿ ಕಿವಿ ಮಂದವಾಗಿದೆ ಅಂತ ಬರೆದಿದ್ದೆ, ಇನ್ನೊಂದರಲ್ಲಿ ಆಗ ಟವರಿನವರು ಮಾತಾಡುತ್ತಿದ್ದರು ಅಂತ.

ಯಾರೂ ಮಾತಾಡುತ್ತಿರಲಿಲ್ಲ. ನಮ್ಮ ವಿಮಾನದಲ್ಲಿ ರೇಡಿಯೋ ಪಕ್ಕ ಒಂದು ಪುಟ್ಟ ಸ್ವಿಚ್ ಇದೆ. ಅದನ್ನು ಕೆಳಗೆ ಮಾಡಿದರೆ ಪಕ್ಕದವರು ಹೆಡ್‌ಸೆಟ್ಟಿನಲ್ಲಿ ಆಡಿದ ಮಾತು ಪೈಲಟ್ಟಿನ ಕಿವಿಗೆ ಬರೋದಿಲ್ಲ. ಅವರ ಮಾತು ಅವರಿಗೆ ಕೇಳುತ್ತಲೇ ಇರೋದರಿಂದ ಅವರಿಗೆ ಇದು ಗೊತ್ತೂ ಆಗೋದಿಲ್ಲ. ಆವತ್ತು ಆಕಾಶ ಖಾಲಿಯಿತ್ತು. ನೀನು ಹೊಸ ಮನೆಯ ಪರದೆ, ಓನರ್ ಜೊತೆ ಜಗಳ ಅಂತ ಹೇಳುತ್ತಾ ಇದ್ದೆ. ವಾರವೆಲ್ಲ ಡ್ರಿಲ್ ಸದ್ದು ಕೇಳಿ ನನಗೆ ಸಾಕಾಗಿತ್ತು. ಹತ್ತು ನಿಮಿಷ ಸುಮ್ಮನಿರೋಣ ಅಂತ ಸ್ವಿಚ್ ಕೆಳಗೆ ಮಾಡಿದೆ. ಅದೇ ಮೊದಲ ಸಲವೂ ಅಲ್ಲ. ನೀನು ಕಾಲೇಜಿಗೆ ಹೋಗುತ್ತಿದ್ದಾಗಿನಿಂದ ಮಾಡುತ್ತಿದ್ದೆ.

ಆಮೇಲೆ ನೀನು ನನ್ನ ಕಡೆ ತಿರುಗಿದೆ. ತುಟಿ ಅಲುಗಿದ್ದು ಕಾಣಿಸಿತು. ನಾನು ತಲೆಯಾಡಿಸಿದೆ. ನೀನು ನನ್ನ ಮೊಣಕೈ ಹಿಡಿದುಕೊಂಡೆ, ಇಳಿಯುವವರೆಗೂ ಬಿಡಲಿಲ್ಲ. ಎಷ್ಟು ದಿನದ ಮೇಲೆ ಮಗಳಿಗೆ ನನ್ನ ಮೇಲೆ ಇಷ್ಟು ಪ್ರೀತಿ ಬಂತು ಅಂತ ನಾನು ಖುಷಿಪಟ್ಟೆ. ಆ ಮೇಲಿನ ವಾರ ಫೋನಿನಲ್ಲಿ ವಿಮಾನದ ಟೈರ್ ಬದಲಾಯಿಸಿದ ಕಥೆ ಹೇಳಿದೆ. ನೀನು ‘ಮತ್ತೆ?’ ಅಂದೆ. ನಾನು ‘ಮತ್ತೇನಿಲ್ಲ’ ಅಂದೆ.

ನವೆಂಬರಿನಲ್ಲಿ ಅಳಿಯಂದಿರ ಫೋನ್ ಬಂದಾಗ ಕೈಗೆ ಗ್ಲೌಸ್ ಹಾಕಿದ್ದೆ, ಕುರ್ಚಿಯಲ್ಲಿ ಒಬ್ಬರು ಬಾಯಿ ತೆರೆದು ಕೂತಿದ್ದರು. “ಹೊಟ್ಟೆಯಲ್ಲಿದ್ದ ಮಗು ಹೋದಮೇಲೆ ಅವಳು ನೀವೊಬ್ಬರು ಬಂದರೆ ಸಾಕು ಅಂತಿದ್ದಳು ಅತ್ತೆ,” ಅಂದರು. ಯಾವ ಮಗು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಆವತ್ತು ವಿಮಾನದಲ್ಲಿ ನೀನು ಹೇಳಿದ್ದು ನಾನು ಕೇಳಿಸಿಕೊಂಡೇ ಇಲ್ಲ ಅಂತ ಗೊತ್ತಾಗುತ್ತಿತ್ತು. ಕಲ್ಲು ಮನಸ್ಸಿನವಳು ಅಂದುಕೊಳ್ಳಲಿ, ಮಗಳ ಮಾತನ್ನೇ ಆಫ್ ಮಾಡಿದವಳು ಅಂತ ತಿಳಿಯೋದು ಬೇಡ ಅನ್ನಿಸಿಬಿಟ್ಟಿತು. ಎಲ್ಲ ಗೊತ್ತಿರುವವಳ ಹಾಗೆ ‘ಹೌದಪ್ಪ, ಕೆಲಸ ಜಾಸ್ತಿ ಇತ್ತು’ ಅಂದೆ. ಆಮೇಲೆ ಆ ಹಲ್ಲು ಕಿತ್ತೆ.

ನಾಲ್ಕು ತಿಂಗಳಿಂದ ಗೊತ್ತಿರುವವಳ ಹಾಗೇ ಇದ್ದೇನೆ. ಗೊತ್ತಿಲ್ಲದ್ದನ್ನು ಕೇಳೋಕೆ ನನಗೆ ಯಾರೂ ಇಲ್ಲ. ಎಷ್ಟು ತಿಂಗಳಾಗಿತ್ತು, ಮಗಳೇ?