ಆನೆ ದೊಡ್ಡದೋ ಇರುವೆ ದೊಡ್ಡದೋ: ಅತ್ತಿಗೆ ತೆಗೆದುಕೊಂಡ ಮೂರು ಸೆಕೆಂಡು

ಮನಶ್ಶಾಸ್ತ್ರ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಪ್ರಯೋಗದ ವರದಿಯ ಮೇಲೆ ತಾವು ಕೆಂಪು ಶಾಯಿಯಲ್ಲಿ ‘ಫಲಿತಾಂಶ ತಪ್ಪು, ಸರಿಪಡಿಸಿ’ ಎಂದು ಬರೆದು ಹಿಂದಿರುಗಿಸಿದ್ದೀರಿ. ಶುಕ್ರವಾರದೊಳಗೆ ಸರಿಪಡಿಸದಿದ್ದರೆ ಸಹಿ ಇಲ್ಲ, ಸಹಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ನಲವತ್ತೊಂದನೇ ವಯಸ್ಸಿನಲ್ಲಿ ಮತ್ತೆ ಕಾಲೇಜಿನ ಬೆಂಚಿಗೆ ಬಂದು ಕೂತವನಿಗೆ ಒಂದು ವರ್ಷ ಎಷ್ಟು ದೊಡ್ಡದು ಎಂಬುದನ್ನು ತಾವೇ ಹೋಲಿಸಿ ನೋಡಬೇಕು. ಹೋಲಿಕೆ ತಮ್ಮದೇ ವಿಷಯವಲ್ಲವೇ?

ಇದು ಬಹಿರಂಗ ಪತ್ರವಾದ್ದರಿಂದ ಓದುಗರಿಗಾಗಿ ಪ್ರಯೋಗವನ್ನು ಹೇಳಿಬಿಡುತ್ತೇನೆ. ಪರದೆಯ ಮೇಲೆ ಎರಡು ವಸ್ತುಗಳ ಹೆಸರು ಬರುತ್ತದೆ. ಯಾವುದು ದೊಡ್ಡದೋ ಆ ಕಡೆಯ ಗುಂಡಿ ಒತ್ತಬೇಕು. ಗಾತ್ರದ ಅಂತರ ಹೆಚ್ಚಿದ್ದರೆ ಉತ್ತರ ಬೇಗ ಬರುತ್ತದೆ, ಹತ್ತಿರ ಹತ್ತಿರವಿದ್ದರೆ ಮನಸ್ಸು ತಡವರಿಸುತ್ತದೆ. ಇದು ಶಾಸ್ತ್ರ, ನನಗೂ ಅದರ ಮೇಲೆ ಗೌರವವಿದೆ. ಆದರೆ ನಾನು ಪ್ರಯೋಗಕ್ಕೆ ಕೂರಿಸಿದ್ದು ನನ್ನ ಅತ್ತಿಗೆಯನ್ನು. ಇಪ್ಪತ್ತು ವರ್ಷದಿಂದ ಬಟ್ಟೆ ಹೊಲಿಯುವವರು. ನನಗಾಗಿ ಹೊಲಿಗೆ ಯಂತ್ರ ನಿಲ್ಲಿಸಿ, ಸೆರಗಿಗೆ ಅಂಟಿದ ದಾರ ಕೊಡವಿ ಬಂದು ಕೂತರು.

‘ಆನೆ–ಇರುವೆ’ ಬಂದಾಗ ಅತ್ತಿಗೆ ಮೂರು ಸೆಕೆಂಡು ಸುಮ್ಮನೆ ಕೂತರು. ಆಮೇಲೆ ನನ್ನ ಕಡೆ ತಿರುಗಿ, “ಇಷ್ಟು ಸುಲಭದ್ದು ಕೇಳ್ತಾರೆ ಅಂದ್ರೆ ಇದರಲ್ಲಿ ಏನೋ ಮೋಸ ಇರ್ಬೇಕಪ್ಪ” ಅಂದರು. ‘ಶರ್ಟಿನ ಗುಂಡಿ–ಕೋಟಿನ ಗುಂಡಿ’ ಬಂದಾಗ ಮುಕ್ಕಾಲು ಸೆಕೆಂಡೂ ಬೇಕಾಗಲಿಲ್ಲ. “ದಿನಾ ಇವನ್ನೇ ಹಿಡ್ಕೊಂಡು ಕೂತಿರ್ತೀನಲ್ಲ, ಯೋಚ್ನೆ ಯಾಕೆ ಮಾಡ್ಲಿ?” ಎಂದರು. ನಲವತ್ತು ಜೋಡಿಗಳೂ ಹೆಚ್ಚು ಕಡಿಮೆ ಹೀಗೇ ನಡೆದವು. ಶಾಸ್ತ್ರ ತಲೆಕೆಳಗಾಯಿತು. ನಾನು ನಡೆದದ್ದನ್ನೇ ಬರೆದೆ, ಕಾರಣವೇನಿರಬಹುದೆಂದು ಎರಡು ಪುಟ ಚರ್ಚೆಯನ್ನೂ ಸೇರಿಸಿದೆ. ತಾವು ಆ ಎರಡು ಪುಟ ತಿರುವಿಹಾಕಿದ ಗುರುತು ಎಲ್ಲೂ ಕಾಣಲಿಲ್ಲ.

ಕೇಳಲು ಬಂದಾಗ ತಾವು ಅಂದಿರಿ: “ಏನ್ರೀ, ಮೂವತ್ತು ಜನಕ್ಕೂ ಸರಿಯಾಗಿ ಬಂದಿದೆ, ನಿಮಗೊಬ್ಬರಿಗೆ ಮಾತ್ರ ಯಾಕ್ರೀ ಬರಲ್ಲ?”

ಅವರಿಗೆ ಬರದೇ ಏನು ಮಾಡೀತು ಸ್ವಾಮಿ? ಮೂವತ್ತು ವರದಿಗಳಲ್ಲೂ ಪ್ರಯೋಗಕ್ಕೆ ಕೂತದ್ದು ಒಬ್ಬಳೇ: ಇಪ್ಪತ್ತೆರಡು ವರ್ಷದ, ಆರೋಗ್ಯವಂತ, ಬಲಗೈ ಬಳಸುವ ವಿದ್ಯಾರ್ಥಿನಿ. ಮೂವತ್ತರಲ್ಲೂ ಅವಳು ಹದಿನಾಲ್ಕನೇ ಜೋಡಿಯ ಹೊತ್ತಿಗೆ ಸರಿಯಾಗಿ ಒಮ್ಮೆ ಆಕಳಿಸುತ್ತಾಳೆ. ಕಂದು ಹೊದಿಕೆಯ ಹಳೇ ದಾಖಲೆ ಪುಸ್ತಕವೊಂದು ನಕಲಿಗಾಗಿ ವರ್ಷದಿಂದ ವರ್ಷಕ್ಕೆ ಕೈ ಬದಲಾಯಿಸುತ್ತಿರುವುದು ವಿಭಾಗದ ಬಾಗಿಲಿಗೂ ಗೊತ್ತು. ಅವಳು ನಿಜವಾಗಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಅಜ್ಜಿಯಾಗಿರುತ್ತಿದ್ದಳು. ಅವಳ ಆಕಳಿಕೆಗೆ ತಮ್ಮ ಸಹಿ ಸಿಕ್ಕಿದೆ, ನನ್ನ ಅತ್ತಿಗೆಯ ಅನುಮಾನಕ್ಕೆ ಸಿಕ್ಕಿಲ್ಲ.

ನಾನೇನು ಸತ್ಯಸಂಧನಲ್ಲ. ಮೊನ್ನೆ ಸಂಜೆ ರಬ್ಬರು ಹಿಡಿದು ಕೂತೆ. ಮೂರು ಸೆಕೆಂಡನ್ನು ಅಳಿಸುತ್ತಿದ್ದಾಗ ಅತ್ತಿಗೆ ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

“ಅದು ನಂದಲ್ವಾ? ಯಾಕೆ ಅಳಿಸ್ತಿದ್ದೀಯ? ತಪ್ಪು ಒತ್ತಿದ್ನಾ?”

“ಇಲ್ಲ ಅತ್ತಿಗೆ, ಎಲ್ಲಾ ಸರಿಯಾಗೇ ಒತ್ತಿದ್ರಿ.”

“ಮತ್ತೆ?”

ನನಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಅವರ ಅಳತೆ ಪಟ್ಟಿಯನ್ನು ಕೇಳಿದವರಿದ್ದಾರೆ, ಕತ್ತರಿಯನ್ನು ಕೇಳಿದವರಿದ್ದಾರೆ, ಮನಸ್ಸು ಹೇಗೆ ಯೋಚಿಸುತ್ತದೆ ಎಂದು ಕೇಳಿದವನು ನಾನೊಬ್ಬನೇ. ಕೇಳಿ, ಉತ್ತರವನ್ನು ಅಳಿಸುತ್ತಿದ್ದೆ. ಅಂಕಿಯನ್ನು ಮತ್ತೆ ಬರೆದೆ, ಈ ಸಲ ಪೆನ್ನಿನಲ್ಲಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ವರದಿ ಇದ್ದ ಹಾಗೆಯೇ ತಮ್ಮ ಮೇಜಿನ ಮೇಲಿದೆ, ಸಹಿ ಮಾಡಿ. ಆಗದಿದ್ದರೆ ತಾವೇ ಒಮ್ಮೆ ಪ್ರಯೋಗಕ್ಕೆ ಕೂರಿ. ನಲವತ್ತು ಬೇಡ, ಒಂದೇ ಜೋಡಿ. ಒಂದು ಕಡೆ ನಡೆದದ್ದನ್ನು ಬರೆದ ಒಂದು ವರದಿ, ಇನ್ನೊಂದು ಕಡೆ ನಡೆಯದ್ದನ್ನು ಬರೆದ ಮೂವತ್ತು. ಯಾವುದು ದೊಡ್ಡದು? ಅಂತರ ಹೆಚ್ಚಿದ್ದರೆ ಉತ್ತರ ಬೇಗ ಬರಬೇಕೆಂದು ಪಾಠ ಮಾಡಿದವರು ತಾವೇ. ತಡವಾದಷ್ಟೂ ಅವೆರಡೂ ತಮ್ಮ ಮನಸ್ಸಿನಲ್ಲಿ ಎಷ್ಟು ಹತ್ತಿರವಿವೆ ಎಂದು ನಾನು ತಿಳಿದುಕೊಳ್ಳುತ್ತೇನೆ.

ಗಡಿಯಾರ ಶುರುವಾಗಿದೆ.

ಇಂತಿ,
ಅತ್ತಿಗೆಯ “ಮತ್ತೆ?”ಗೆ ಇನ್ನೂ ಉತ್ತರ ಹೇಳದಿರುವ
ತಮ್ಮ ಮೂವತ್ತೊಂದನೇ ವಿದ್ಯಾರ್ಥಿ